ಎತ್ತಿಡುವ ಆಟ

ಶಿಗ್ಗಾವಿ ತಾಲ್ಲೂಕಿನ ಹುಲಗೂರು ಎಂದೊಡನೆ ನಮ್ಮ ಕಡೆಯ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿಯ ದರ್ಗಾ. ಅದರ ಬೆನ್ನಿಗೇ ಶಿಶುವಿನಹಾಳದ ಶರೀಫ ಸಾಹೇಬರು. ಹುಲಗೂರಿನ ಖಾದರಿ ಗುರುಗಳ ಅನುಗ್ರಹದಿಂದ ಇಮಾಮ ಸಾಹೇಬರ ಮನೆಯಲ್ಲಿ ೧೮೧೯ರಲ್ಲಿ ಶರೀಫರು ಹುಟ್ಟಿದರೆಂದು ಸೀಮೆಯವರೆಲ್ಲ ಹೇಳುತ್ತಾರೆ. ಅವರ ಪದಗಳನ್ನು ಹಾಡದ ಭಜನಾಮೇಳ ಇಲ್ಲಿ ವಿರಳ. ಆದರೆ ಈ ಅನುಭಾವಿ ಹರೆಯದಲ್ಲಿ ಕೆಲವು ಕಾಲ ಸುತ್ತಣ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದರೆಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ನನಗಾದರೋ ಅದೇ ಮೊದಲು ನೆನಪಾಗುತ್ತದೆ. ಸಂಜೆ ಶಾಲೆ ಬಿಟ್ಟು ಹುಡುಗರೆಲ್ಲ ಹೋ ಎಂದು ಬಯಲಿಗೆ ಓಡಿದ ಮೇಲೆ, ಹಿಂದೆ ಉಳಿದ ಮರಳು, ಹಲಗೆ, ಚಾಪೆಗಳನ್ನು ಎತ್ತಿಡುತ್ತಿದ್ದವರು ಯಾರು?

ಇದು ಹುಡುಗಾಟದ ಪ್ರಶ್ನೆ ಎನಿಸಬಹುದು. ಅರಸರ ಇತಿಹಾಸ ಬರೆದವರುಂಟು, ಕಾಳಗಗಳ ಇತಿಹಾಸ ಬರೆದವರುಂಟು. ಆಡಿದ ಆಟಿಕೆಯನ್ನು ಮಗು ಮರಳಿ ಎತ್ತಿಡುವುದಕ್ಕೂ ಒಂದು ಇತಿಹಾಸವಿದೆಯೆ? ಇದೆ. ಅದು ಬಳ್ಳಾರಿಯಿಂದ ಹೊರಟು ಜರ್ಮನಿಗೂ ರೋಮಿಗೂ ಹೋಗಿ, ಭಾವನಗರದ ದಾರಿಯಿಂದ ಮರಳಿ ನಮ್ಮ ಕನ್ನಡ ಶಾಲೆಗೆ ಬರುತ್ತದೆ. ಈ ಒಂದು ವಿಷಯಕ್ಕಾಗಿ ಮನೆಮನೆಯಲ್ಲೂ ದಿನಕ್ಕೆರಡು ಸಲ ಕೂಗಾಟ, ಅಳು, ಒಮ್ಮೊಮ್ಮೆ ಏಟು ನಡೆಯುತ್ತಿರುವಾಗ ಅದನ್ನು ಅರಿತುಕೊಳ್ಳುವುದು ವ್ಯರ್ಥವಲ್ಲ.

ಶರೀಫರು ನಾಲ್ಕು ವರ್ಷದ ಕೂಸಾಗಿದ್ದಾಗ, ಎಂದರೆ ೧೮೨೩ರಲ್ಲಿ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವನು ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದ್ರಾಸಿಗೆ ಒಂದು ವರದಿ ಕಳುಹಿದನು. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು; ೬,೬೪೧ ಮಂದಿ ಕಲಿಯುವವರು. ಬಳ್ಳಾರಿ ತುಂಗಭದ್ರೆಯ ಆಚೆಗಿನದು ನಿಜ. ಆದರೂ ಹಳೆಯ ಕನ್ನಡ ಶಾಲೆ ಹೇಗಿತ್ತೆಂದು ಕಾಣಲು ಅದಕ್ಕಿಂತ ಒಳ್ಳೆಯ ಕಿಟಕಿ ನಮಗೆ ಸಿಕ್ಕುವುದು ಕಷ್ಟ. ಮಗು ಮೊದಲು ಬೆರಳಿನಿಂದ ಮರಳ ಮೇಲೆ ಬರೆಯುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದ ಹುಡುಗನ ಅಂಗೈಯ ಮೇಲೆ ಗುರುಗಳು ಸರಸ್ವತಿಯ ಹೆಸರು ಬರೆಯುವರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಒಂದೊಂದು ಹೆಚ್ಚು. ಸರಾಸರಿ ಶಾಲೆಗೆ ಹನ್ನೆರಡು ಹುಡುಗರೆಂದು ಹಿಡಿದರೆ, ಕಡೆಗೆ ಬಂದ ಬಡಪಾಯಿಗೆ ಹತ್ತು!

ಈ ಲೆಕ್ಕವನ್ನು ಓದಿ ನಾವು ನಗುತ್ತೇವೆ. ಆದರೆ ನಮ್ಮ ಪಡಸಾಲೆಯಲ್ಲಿ ಇಂದು ನಡೆಯುವುದೂ ಅದೇ ಅಲ್ಲವೆ? “ಎಲ್ಲ ಎತ್ತಿಟ್ಟರೆ ಪೇಪರಮಿಂಟು, ಇಲ್ಲವಾದರೆ ಬೆನ್ನಿಗೆ ಬೀಳುತ್ತದೆ” ಎಂಬುದು ಸರಸ್ವತಿ ಮತ್ತು ಛಡಿಯ ಹಳೆಯ ಶಾಸ್ತ್ರವೇ. ಬಹುಮಾನ ಒಂದು ತುದಿಗೆ, ದಂಡ ಇನ್ನೊಂದು ತುದಿಗೆ. ನಡುವೆ ಕೆಲಸಕ್ಕೆ ತನ್ನದೇ ಆದ ಸೊಗಸಿರಬಹುದೆಂಬ ಯೋಚನೆ ಇಲ್ಲ.

ಹಳ್ಳಿಯ ಮನೆಯಲ್ಲಿ ಮಾತ್ರ ಈ ತೊಡಕು ಒಂದು ಕಾಲಕ್ಕೆ ಅಷ್ಟು ದೊಡ್ಡದಾಗಿರಲಿಲ್ಲ. ಕಾರಣ ಸರಳ. ಮಕ್ಕಳ ಆಟಿಕೆಗೆ ಇಡುವ ಜಾಗವೇ ಬೇಕಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತು ನಾಲ್ಕು ದಿನ ಆಡಿದ ಮೇಲೆ ಮತ್ತೆ ಮಣ್ಣು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಹಸಿಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಪೂಜೆ ಊಟಗಳನ್ನು ಮುಗಿಸಿ ಅವಳನ್ನು ಬೀಳ್ಕೊಟ್ಟು ಬರುವರು. ಮನೆಯಲ್ಲಿ ಚೂರೂ ಉಳಿಯದು. ಗಜ್ಜುಗ ಅಂಗಿಯ ಕಿಸೆಯಲ್ಲಿ, ಚಿನ್ನಿಕೋಲು ಬಾಗಿಲ ಸಂದಿನಲ್ಲಿ. ಆಟವೇ ತನ್ನನ್ನು ತಾನು ಎತ್ತಿಟ್ಟುಕೊಳ್ಳುತ್ತಿತ್ತು ಎಂದರೂ ಸಲ್ಲುತ್ತದೆ. ಕಸವಾಗಿ ಉಳಿಯುವ ಆಟಿಕೆ ಬಂದದ್ದು ಅಂಗಡಿಯಿಂದ; ತಗಡಿನ ಮೋಟಾರು ಮೊದಲು, ಪ್ಲಾಸ್ಟಿಕ್ಕು ಆಮೇಲೆ.

ಹಿರಿಯರ ಸಾಮಾನುಗಳಿಗಾದರೋ ಮನೆಯಲ್ಲಿ ನೆಲೆ ಕಟ್ಟಾಗಿತ್ತು. ದೀಪಕ್ಕೆ ಗೋಡೆಯ ಮಾಡ, ಮೊಸರಿನ ಗಡಿಗೆಗೆ ನೆಲುವು, ಬಟ್ಟೆಗೆ ಗೂಟ, ಮಡಿಚಿದ ಕೌದಿಗಳಿಗೆ ಕೋಣೆಯ ಮೂಲೆ. ಕತ್ತಲೆಯಲ್ಲಿ ಕೈ ಚಾಚಿದರೂ ವಸ್ತು ಸಿಕ್ಕುತ್ತಿತ್ತು. ಆದರೆ ನೋಡಿ: ಮಾಡ, ಗೂಟ, ನೆಲುವು ಎಲ್ಲವೂ ನಿಂತ ಆಳಿನ ಎತ್ತರಕ್ಕೆ. ನಾಲ್ಕು ವರ್ಷದ ಮಗುವಿಗೆ ಎಟುಕುವುದು ನೆಲವೊಂದೇ. ಆದುದರಿಂದ ಅದು ತನ್ನ ವಸ್ತುವನ್ನು ನೆಲದ ಮೇಲೆಯೇ ಬಿಡುತ್ತಿತ್ತು. ಇದನ್ನು ನಾವು ಅದರ ಹಟವೆಂದು ಕರೆದೆವು.

ಮಕ್ಕಳಿಗೆ ಓರಣದ ಕೆಲಸ ಹಬ್ಬವಾಗುತ್ತಿದ್ದ ದಿನಗಳೂ ಇದ್ದವು. ಮಹಾನವಮಿ ಹತ್ತಿರ ಬಂತೆಂದರೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಗಾಡಿಯೇರಿ ಹಳ್ಳಕ್ಕೋ ಕೆರೆಗೋ ಹೊರಡುವವು. ಕೌದಿ ತುಳಿಯುವುದು ಮಕ್ಕಳ ಪಾಲು. ಅವು ನೀರಿನಲ್ಲಿ ಕುಣಿದದ್ದೇ ಒಗೆತವಾಗುತ್ತಿತ್ತು. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು. ಅಟ್ಟದಿಂದಿಳಿದ ಹಿತ್ತಾಳೆಯ ಪಾತ್ರೆಗಳಿಗೆ ಹುಣಿಸೆಹಣ್ಣು ಬೂದಿಗಳ ಉಜ್ಜಾಟ. ಶಾಲೆಯಲ್ಲಿಯೂ ಮಕ್ಕಳು ತಾವೇ ಕಂಡುಕೊಂಡ ಆಟವೊಂದಿತ್ತು. ಪಾಟಿಯ ಮೇಲಿನ ಬರಹವನ್ನು ನೀರಿನಿಂದ ಒರಸಿ, ಹಸಿ ಪಾಟಿಯನ್ನು ಗಾಳಿಗೆ ಬೀಸುತ್ತ, ಏನಾದರೊಂದು ಹಾಡಿಕೊಂಡು ಒಣಗಿಸುವುದು. ಯಾವ ಮಾಸ್ತರರೂ ಅದನ್ನು ಕಲಿಸಿರಲಿಲ್ಲ.

ಇಲ್ಲಿ ಒಂದು ಕಹಿಮಾತನ್ನು ಹೇಳದೆ ಮುಂದೆ ಹೋಗಲಾಗದು. ಈ ಎಲ್ಲ ಸಂಭ್ರಮ ಗಂಡುಹುಡುಗನಿಗೆ ವರ್ಷಕ್ಕೊಂದು ಸಲ ಆಟ. ಅವನ ತಂಗಿಗೆ ದಿನವೂ ದುಡಿತ. ಆರು ತುಂಬುವ ಮೊದಲೇ ಹೆಣ್ಣುಮಗುವಿನ ಕೈಗೆ ಕಸಬರಿಗೆ ಬರುತ್ತಿತ್ತು. ಅಣ್ಣ ಚೆಲ್ಲಿದ್ದನ್ನು ಆಯುವುದೂ ಅವಳ ಪಾಲೇ. ಇನ್ನು ಊರಿನ ಕಸವನ್ನು ಯಾರು ತೆಗೆಯಬೇಕೆಂಬುದು ಜಾತಿಯಿಂದಲೇ ಗೊತ್ತಾಗಿದ್ದಿತು. ಮಕ್ಕಳಿಗೆ ಓರಣವನ್ನು ಆಟವಾಗಿಸುವ ಮಾತೆತ್ತಿದಾಗ, ಯಾವ ಮಕ್ಕಳಿಗೆ ಎಂದು ಕೇಳಿಕೊಳ್ಳುವುದು ಅವಶ್ಯ.

ಓರಣಕ್ಕೆ ನಮ್ಮಲ್ಲಿ ಅಚ್ಚುಕಟ್ಟು ಎಂಬ ಇನ್ನೊಂದು ಮಾತಿದೆ. ಕೆರೆಯ ನೀರು ಹರಿದು ತಲುಪುವ ಹೊಲಗದ್ದೆಗಳ ವಿಸ್ತಾರಕ್ಕೂ ಅದೇ ಹೆಸರು. ಎಲ್ಲಿಯವರೆಗೆ ನೀರು ಮುಟ್ಟುತ್ತದೆಯೋ ಅಲ್ಲಿಯವರೆಗೆ ಅಚ್ಚುಕಟ್ಟು. ಮಗುವಿನ ವಿಷಯದಲ್ಲಿ ಎಲ್ಲಿಯವರೆಗೆ ಕೈ ಮುಟ್ಟುತ್ತದೆಯೋ ಅಲ್ಲಿಯವರೆಗೆ. ಈ ಮಾತನ್ನು ಶಾಲೆಯ ಕಟ್ಟಡದಲ್ಲಿಯೇ ಅಳವಡಿಸಿದವರ ಕಥೆಗೆ ಈಗ ಬರೋಣ.

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದರು. ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟರು. ಅವರು ಮಕ್ಕಳ ಕೈಗೆ ಕೊಟ್ಟ ಆಟದ ಸಾಮಾನುಗಳಿಗೆ ಕಾಣಿಕೆಗಳೆಂದು ಕರೆದರು. ಮೂರನೆಯ ಕಾಣಿಕೆ ಎಂಟು ಪುಟ್ಟ ಮರದ ಘನಗಳು ಸೇರಿ ಆದ ಒಂದು ದೊಡ್ಡ ಘನ. ಅದು ಸರಿಯಾಗಿ ಹಿಡಿಸುವ, ಸರಿಯುವ ಮುಚ್ಚಳದ ಪೆಟ್ಟಿಗೆ. ಮಗು ಪೆಟ್ಟಿಗೆಯನ್ನು ಬೋರಲು ಹಾಕಿ, ಮುಚ್ಚಳವನ್ನು ಎಳೆದು, ಪೆಟ್ಟಿಗೆಯನ್ನು ಮೇಲಕ್ಕೆತ್ತಿದರೆ ಇಡಿಯ ಘನ ಎದುರಿಗೆ ನಿಲ್ಲುತ್ತದೆ. ಅದನ್ನು ಬಿಡಿಸಿ ಕುರ್ಚಿ, ಬಾವಿ, ಸೇತುವೆ ಏನನ್ನಾದರೂ ಕಟ್ಟಬಹುದು. ಆಟ ಮುಗಿಯುವಾಗ ಎಂಟೂ ತುಂಡುಗಳನ್ನು ಮತ್ತೆ ಘನವಾಗಿ ಜೋಡಿಸದ ಹೊರತು ಪೆಟ್ಟಿಗೆ ಮುಚ್ಚುವುದಿಲ್ಲ. ಇಲ್ಲಿ ಎತ್ತಿಡುವುದೇ ಆಟದ ಕಡೆಯ ಕಟ್ಟಡ! ಬೈಗುಳಕ್ಕೆ ಎಡೆಯೇ ಇಲ್ಲ. ತಪ್ಪಿದರೆ ಮುಚ್ಚಳವೇ ಹೇಳುತ್ತದೆ. ಇಷ್ಟು ನಿರಪಾಯವಾದ ಸಂಸ್ಥೆಯನ್ನೂ ಪ್ರಷ್ಯಾದ ಸರಕಾರ ೧೮೫೧ರಲ್ಲಿ ನಿಷೇಧಿಸಿತು. ೧೮೬೦ರವರೆಗೆ ಆ ನಿಷೇಧ ನಡೆಯಿತು. ಮಕ್ಕಳ ತೋಟಕ್ಕೆ ಹೆದರುವ ಸರಕಾರಗಳೂ ಲೋಕದಲ್ಲಿ ಇದ್ದವು.

ಮುಂದಿನ ಹೆಜ್ಜೆ ರೋಮ್ ನಗರದಲ್ಲಿ. ಅಲ್ಲಿಯ ಸಾನ್ ಲೊರೆಂಜೋ ಎಂಬ ಬಡಜನರ ಕೇರಿಯಲ್ಲಿ ಒಂದು ಸಂಸ್ಥೆ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಂದಿರು ಕೂಲಿಗೆ ಹೋದ ಮೇಲೆ ಹಿಂದೆ ಉಳಿದ ಮಕ್ಕಳು ಗೋಡೆಗಳ ಮೇಲೆ ಗೀಚಿ, ಮೆಟ್ಟಿಲುಗಳನ್ನು ಹೊಲಸು ಮಾಡತೊಡಗಿದವು. ಕಟ್ಟಡವನ್ನು ಕಾಪಾಡಬೇಕಾದರೆ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಬೇಕೆಂದು ಮಾಲೀಕರು ತೀರ್ಮಾನಿಸಿ, ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿಯವರನ್ನು ಕರೆದರು. ೧೯೦೭ರ ಜನವರಿ ೬ರಂದು ಆ ಮಕ್ಕಳ ಮನೆ ತೆರೆಯಿತು. ಲೋಕಪ್ರಸಿದ್ಧವಾದ ಶಿಕ್ಷಣಪದ್ಧತಿಯೊಂದು ಹುಟ್ಟಿದ್ದು ಗೋಡೆ ಕೊಳೆಯಾಗಬಾರದೆಂಬ ಜಿಪುಣ ಲೆಕ್ಕಾಚಾರದಿಂದ ಎಂಬುದು ಇತಿಹಾಸದ ಒಂದು ತಮಾಷೆ.

ಮೊದಮೊದಲು ಆಟದ ಸಾಮಾನುಗಳನ್ನು ಬೀಗ ಹಾಕಿದ ಬೀರುವಿನಲ್ಲಿ ಇಡುತ್ತಿದ್ದರು. ಅಲ್ಲಿಯ ಶಿಕ್ಷಕಿ ತಾನೇ ಹಂಚುವಳು, ತಾನೇ ಒಳಗಿಡುವಳು. ಒಳಗಿಡುವ ಹೊತ್ತಿಗೆ ಮಕ್ಕಳು ಜಾಗ ಬಿಟ್ಟೆದ್ದು ಅವಳ ಸುತ್ತ ನೆರೆಯುವವು. ಎಷ್ಟು ಸಲ ಹಿಂದಕ್ಕೆ ಕಳಿಸಿದರೂ ಮತ್ತೆ ಬಂದು ನಿಲ್ಲುವವು. ಇದು ಅವಿಧೇಯತೆಯೆಂದು ಆಕೆ ದೂರಿದಳು. ಮಾಂಟೆಸ್ಸರಿಯವರು ನಿಂತು ನೋಡಿದರು; ಮಕ್ಕಳಿಗೆ ಬೇಕಾದದ್ದು ಸಾಮಾನುಗಳನ್ನು ತಾವೇ ಅವುಗಳ ಜಾಗಕ್ಕೆ ಸೇರಿಸುವ ಅವಕಾಶ ಎಂದು ಅವರಿಗೆ ಹೊಳೆಯಿತು. ಬಿಟ್ಟುಕೊಟ್ಟರು. ಇನ್ನೊಂದು ದಿನ ಶಿಕ್ಷಕಿ ಬೀಗ ಹಾಕುವುದನ್ನು ಮರೆತು, ಮರುದಿನ ತಡವಾಗಿ ಬಂದಳು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಂಡು ಕೆಲಸದಲ್ಲಿ ಮುಳುಗಿದ್ದರು. ಕಳ್ಳತನವೆಂದು ಶಿಕ್ಷಕಿಗೆ ತೋರಿತು. ಮಾಂಟೆಸ್ಸರಿಯವರಿಗೆ ತೋರಿದ್ದೇ ಬೇರೆ: ಯಾವ ವಸ್ತು ಎಲ್ಲಿದೆಯೆಂಬುದು ಮಕ್ಕಳಿಗೆ ಆಗಲೇ ಗೊತ್ತಿದೆ. ಎತ್ತರದ ಬೀರು ಹೋಗಿ ಮಗುವಿನ ಎದೆಮಟ್ಟದ ತೆರೆದ ಹಲಗೆಗಳು ಬಂದವು. ಹಗುರಾದ ಪುಟ್ಟ ಕುರ್ಚಿ, ಪುಟ್ಟ ಕಸಬರಿಗೆ, ಪುಟ್ಟ ಒರಸುಬಟ್ಟೆ ಜತೆಗೂಡಿದವು. ಗುಡಿಸುವುದು, ಮೇಜು ತೊಳೆಯುವುದು ಪಾಠದ ಭಾಗವೇ ಆಯಿತು.

ಬಹುಮಾನದ ಪರೀಕ್ಷೆಯೂ ಅಲ್ಲಿ ನಡೆಯಿತು. ಚೆನ್ನಾಗಿ ನಡೆದುಕೊಂಡ ಹುಡುಗನ ಎದೆಗೆ ಒಂದು ಪದಕ. ಒಮ್ಮೆ ಹಾಗೆ ಪದಕ ಪಡೆದವನು ತನ್ನ ಕೆಲಸದ ಭರದಲ್ಲಿ ಅದನ್ನು ಬೀಳಿಸಿಕೊಂಡು ತಿರುಗಿಯೂ ನೋಡಲಿಲ್ಲ. ಶಿಕ್ಷೆಗಾಗಿ ಸುಮ್ಮನೆ ಕೂಡಿಸಿದ್ದ ಇನ್ನೊಬ್ಬ ಹುಡುಗ ಅದನ್ನು ತೊಟ್ಟುಕೊಂಡು ಹಾಯಾಗಿ ಕುಳಿತನು! ಮತ್ತೊಂದು ದಿನ ಮಾಂಟೆಸ್ಸರಿಯವರು ಮೂಗು ಸೀನಿ ಒರಸಿಕೊಳ್ಳುವ ಕ್ರಮವನ್ನು ನಿಧಾನವಾಗಿ ಮಾಡಿ ತೋರಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. ಅದುವರೆಗೆ ಮೂಗಿನ ಸಲುವಾಗಿ ಅವರನ್ನು ಬೈದವರೇ ಎಲ್ಲರೂ. ಹೇಗೆಂದು ಕಲಿಸಿದವರು ಒಬ್ಬರೂ ಇರಲಿಲ್ಲ. ನಮ್ಮ “ಎತ್ತಿಡು, ಎತ್ತಿಡು” ಎಂಬ ಕೂಗಿಗೂ ಇದು ಅನ್ವಯಿಸುತ್ತದೆ. ಎಲ್ಲಿ ಇಡಬೇಕು, ಹೇಗೆ ಹಿಡಿಯಬೇಕು ಎಂದು ನಾವು ಎಷ್ಟು ಸಲ ತೋರಿಸಿದ್ದೇವೆ?

ಭಾರತಕ್ಕೆ ಈ ಬೀಜವನ್ನು ತಂದು ನಮ್ಮ ಮಣ್ಣಿಗೆ ಒಗ್ಗಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ. ವೃತ್ತಿಯಿಂದ ವಕೀಲರು. ತಮ್ಮ ಮಗನ ಓದಿನ ಚಿಂತೆಯಿಂದ ಮಾಂಟೆಸ್ಸರಿಯವರ ಪುಸ್ತಕಕ್ಕೆ ಕೈ ಹಾಕಿದವರು ವಕೀಲಿಯನ್ನೇ ಬಿಟ್ಟರು. ೧೯೨೦ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದರು. ಮಕ್ಕಳ ನಡುವೆ ಇದ್ದು ಇದ್ದು, ಮೀಸೆಯುಳ್ಳ ತಾಯಿ ಎಂದೇ ಅವರಿಗೆ ಹೆಸರಾಯಿತು. ಅವರ ಜತೆಗೆ ದುಡಿದ ತಾರಾಬಾಯಿ ಮೋಡಕರು ಆಮೇಲೆ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಬಂದು ೧೯೪೫ರಿಂದ ಅಲ್ಲಿ ನೆಲೆಸಿದರು. ಆಗ ಬೋರ್ಡಿಯೂ ನಮ್ಮ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ೧೯೫೬ರ ನವೆಂಬರ್ ೧ರವರೆಗೂ ಹಾಗೆಯೇ ಇದ್ದವು.

ತಾರಾಬಾಯಿಯವರು ಬೋರ್ಡಿಯಲ್ಲಿ ಕಂಡದ್ದು ರೋಮಿನ ಕಟ್ಟಡವಲ್ಲ. ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಮನೆಯಲ್ಲಿ ತಂಗಿ ತಮ್ಮಂದಿರನ್ನು ಎತ್ತಿಕೊಳ್ಳುವ ಕೆಲಸ ಅವಕ್ಕಿತ್ತು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅಂಗಳಕ್ಕೆ ಹೋಗಲಿ ಎಂದು ಹೊರಟರು. ಅಂಗನವಾಡಿ ಎಂಬ ಮಾತಿನ ಮೂಲ ಇದು. ಬೆಲೆಬಾಳುವ ವಿದೇಶೀ ಸಾಮಾನುಗಳ ಬದಲು ಬೀಜ, ಎಲೆ, ಚಿಪ್ಪು, ಕಲ್ಲುಗಳೇ ಪಾಠದ ಸಾಮಗ್ರಿಯಾದವು. ನಮ್ಮ ಗುಳ್ಳವ್ವನ ಮಣ್ಣಿಗೆ ಶಾಲೆಯಲ್ಲಿ ಮರ್ಯಾದೆ ಸಿಕ್ಕಂತಾಯಿತು ಎನ್ನಿ. ಇತ್ತ ಮಾಂಟೆಸ್ಸರಿಯವರೇ ೧೯೩೯ರ ನವೆಂಬರಿನಲ್ಲಿ ಮದ್ರಾಸಿನ ಅಡಯಾರಿಗೆ ಬಂದಿಳಿದು, ಮಹಾಯುದ್ಧದ ದೆಸೆಯಿಂದ ೧೯೪೬ರವರೆಗೆ ಈ ದೇಶದಲ್ಲಿಯೇ ಉಳಿಯಬೇಕಾಯಿತು. ಆ ವರ್ಷಗಳಲ್ಲಿ ಅವರ ಕೈಕೆಳಗೆ ತರಬೇತಿ ಹೊಂದಿದ ಭಾರತೀಯ ಶಿಕ್ಷಕರು ಸಾವಿರಕ್ಕೂ ಮಿಕ್ಕಿ.

ಇದೇ ಕಾಲದಲ್ಲಿ ಗಾಂಧೀಜಿಯವರು ಇನ್ನೊಂದು ಬಾಗಿಲಿನಿಂದ ಒಳಹೊಕ್ಕಿದ್ದರು. ೧೯೩೭ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣದಲ್ಲಿ ಸಫಾಯಿ ಪ್ರತಿಯೊಂದು ಮಗುವಿನ ಕೆಲಸ. ಗೌಡರ ಮಗನಿಗೂ ಕಸಬರಿಗೆ, ಹೊಲೆಯರ ಮಗಳಿಗೂ ಪುಸ್ತಕ. ತತ್ತ್ವ ಘನವಾದುದು. ಆಚರಣೆಯಲ್ಲಿ ಹಲವು ಕಡೆ ಅದು ಕವಾಯತಾಗಿ ಒಣಗಿತು. ಇನ್ನು ಕೆಲವು ಕಡೆ ಪೊರಕೆ ಮತ್ತೆ ಹಳೆಯ ಕೈಗಳಿಗೇ ಹೋಯಿತು. ಮಾಂಟೆಸ್ಸರಿಯವರಲ್ಲಿ ಆಟವಿತ್ತು, ಗಾಂಧೀಜಿಯವರಲ್ಲಿ ಸಮತೆಯಿತ್ತು. ಇವೆರಡನ್ನೂ ಒಂದು ಸೂರಿನಡಿ ತರುವುದು ಸುಲಭವಾಗಿರಲಿಲ್ಲ.

೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ ೬೦,೦೦೦ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಕ್ರಮವನ್ನು ಕಣ್ಣಾರೆ ಕಂಡು ಬಂದ ಸರಕಾರಿ ಶಾಲೆಯ ಶಿಕ್ಷಕರು ನಲಿ–ಕಲಿ ಎಂಬ ಪದ್ಧತಿಯನ್ನು ತೊಡಗಿದರು. ೨೦೦೯–೧೦ರಿಂದ ಅದು ರಾಜ್ಯದ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು.

ಈ ಪದ್ಧತಿಯಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಅದರ ತಟ್ಟೆಗಳು. ಪಾಠಗಳೆಲ್ಲ ಬಿಡಿಬಿಡಿ ಕಾರ್ಡುಗಳಲ್ಲಿವೆ. ಕಾರ್ಡಿನ ಮೇಲೆ ಒಂದು ಪ್ರಾಣಿಯದೋ ಪಕ್ಷಿಯದೋ ಚಿತ್ರ. ಗೋಡೆಯ ಮೇಲಿನ ಕಲಿಕೆಯ ಮೆಟ್ಟಿಲನ್ನು ನೋಡಿ ಮಗು ತಾನು ಎಲ್ಲಿಗೆ ಬಂದಿದ್ದೇನೆಂದು ತಿಳಿದು, ತಟ್ಟೆಯಿಂದ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಆ ಚಿತ್ರದ ಗುರುತಿನಿಂದಲೇ ಅದನ್ನು ಮರಳಿ ಇಡುತ್ತದೆ. ಅಕ್ಷರ ಬಾರದ ಮಗುವಿಗೂ ಜಾಗವನ್ನು ಓದಲು ಬರುತ್ತದೆ. ಬರೆಯುವ ಕಪ್ಪುಹಲಗೆ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಇದೆ. ಇಲ್ಲಿ ಎತ್ತಿಡುವುದು ಶಿಸ್ತಿನ ಪಾಠವಲ್ಲ. ಇನ್ನೊಬ್ಬನ ಸರದಿ ಬರಬೇಕಾದರೆ ಕಾರ್ಡು ಅಲ್ಲಿರಬೇಕು, ಅಷ್ಟೆ. ಕಾರ್ಡು ಕಾಣೆಯಾದರೆ ಗೆಳೆಯನ ಪಾಠವೇ ನಿಂತುಹೋಗುತ್ತದೆ. ಶರೀಫ ಮಾಸ್ತರರ ಕಾಲಕ್ಕೂ ಇಂದಿನ ಹುಲಗೂರು ಸೀಮೆಯ ಕನ್ನಡ ಶಾಲೆಗಳಿಗೂ ನಡುವೆ ಎಷ್ಟೋ ಬದಲಾಗಿದೆ. ನನ್ನ ಲೆಕ್ಕದಲ್ಲಿ ಈ ತಟ್ಟೆಯೂ ಅದರಲ್ಲಿ ಸಣ್ಣದಲ್ಲ.

ಪಟ್ಟಣದ ನಮ್ಮ ಮನೆಗಳಲ್ಲಿ ಇದನ್ನು ತರಲು ಬಹಳ ಖರ್ಚಿಲ್ಲ. ಮಗುವಿನ ಸೊಂಟದೆತ್ತರಕ್ಕೆ ಒಂದು ಹಲಗೆ. ಅದರ ಮೇಲೆ ಹಳೆಯ ಬುಟ್ಟಿ ಡಬ್ಬಿಗಳು ನಾಲ್ಕು. ಪ್ರತಿಯೊಂದರ ಮುಂದೆ ಒಂದು ಚಿತ್ರ: ಇದು ಗಾಡಿಗಳ ಮನೆ, ಇದು ಗೊಂಬೆಗಳದು. ಆಟಿಕೆಗಳಲ್ಲಿ ಅರ್ಧವನ್ನು ಕಟ್ಟಿ ಅಟ್ಟಕ್ಕೆ ಹಾಕಿ. ಹತ್ತು ಇದ್ದರೆ ಎತ್ತಿಡಲಾದೀತು, ಐವತ್ತಿದ್ದರೆ ಹಿರಿಯರಿಗೂ ಆಗದು. ಇನ್ನು ಹೊತ್ತಿನ ಅಳತೆಗೆ ನಮ್ಮ ರೇಡಿಯೋ ಇದೆಯಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿ ಸುಮಾರು ಮೂರು ನಿಮಿಷ ಹಾಡುತ್ತಿತ್ತು; ಹಳೆಯ ಚಿತ್ರಗೀತೆಗಳು ಇಂದಿಗೂ ಬಹುಮಟ್ಟಿಗೆ ಆ ಅಳತೆಯವೇ. ಹಾಡು ಮುಗಿಯುವುದರೊಳಗೆ ಗಾಡಿಗಳೆಲ್ಲ ಮನೆ ಸೇರಬೇಕು ಎಂದರೆ ಮಗು ಗಡಿಯಾರವನ್ನು ಓದಬೇಕಾಗಿಲ್ಲ. ಅಣ್ಣನಿಗೂ ತಂಗಿಗೂ ಒಂದೇ ಹಾಡು, ಸರಿಸಮ ಪಾಲು. ಇದನ್ನು ಮಾತ್ರ ಅಜ್ಜಿಯರು ಒಪ್ಪುವಂತೆ ಮಾಡುವುದು ನಿಮಗೆ ಬಿಟ್ಟದ್ದು.

ತೊಂದರೆ ಇರುವುದು ಬೇರೆಡೆ. ತಾಯಿಯ ಕೈಯಲ್ಲಿ ಒಂದು ನಿಮಿಷಕ್ಕೆ ಆಗುವ ಕೆಲಸ ಮಗುವಿಗೆ ಮೊದಮೊದಲು ಹತ್ತು ನಿಮಿಷ. ಅದು ಒಂದೊಂದೇ ಗಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನಡುದಾರಿಯಲ್ಲಿ ಇನ್ನೊಮ್ಮೆ ಆಡಿ, ಇಟ್ಟದ್ದನ್ನು ತೆಗೆದು ಮತ್ತೆ ಇಡುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದ ತಾಯಿಗೆ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು? ಮೂವತ್ತು ಮಕ್ಕಳನ್ನು ನೋಡಿಕೊಂಡು, ಅಡಿಗೆ, ತೂಕ, ದಫ್ತರಗಳನ್ನೂ ನಿಭಾಯಿಸಬೇಕಾದ ಅಂಗನವಾಡಿಯ ಕಾರ್ಯಕರ್ತೆಗೆ ಎಲ್ಲಿಂದ ಬರಬೇಕು? ಮಕ್ಕಳು ಮನೆಗೆ ಹೊರಟ ಮೇಲೆ ಅಲ್ಲಿಯ ಸಹಾಯಕಿ ಕಸಬರಿಗೆ ಹಿಡಿದು ಒಳಗೆ ಬರುತ್ತಾಳೆ. ಗೊಂಬೆಗಳು ಹಲಗೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿದ್ದ ದಿನ ಅವಳಿಗೆ ಉಳಿಯುವುದು ನೆಲ ಗುಡಿಸುವ ಕೆಲಸವೊಂದೇ. ಇಲ್ಲದ ದಿನ ಬಗ್ಗಿ ಬಗ್ಗಿ ಒಂದೊಂದನ್ನೂ ಆಯಬೇಕು.